ಬಹುಮಾನದ ಬಾಟಲಿ ಬೇಡ, ಊರಿನವರು ಏನು ಕುಡಿಯುತ್ತಾರೆ ಕೇಳಿ

(ಟೋಕಿಯೋದಲ್ಲಿ ಒಂದು ಭಾನುವಾರ ಮಧ್ಯಾಹ್ನ ಕನ್ನಡದ ಗೆಳೆಯರ ಮುಂದೆ ಜಪಾನಿನ ಅಕ್ಕಿ ಮದ್ಯ ಸಾಕೆಯ ಬಗ್ಗೆ ಆಡಿದ ಮಾತು. ಆಮೇಲೆ ಕೂತು ಬರೆದದ್ದು. ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಯಾರೂ ಕಾರು ತಂದಿಲ್ಲ ಅಲ್ವಾ? ತಂದಿದ್ದರೆ ಈಗಲೇ ಹೇಳಿಬಿಡಿ, ನಿಮಗೆ ವಾಸನೆ ಮಾತ್ರ. ಕುಡಿಯದೇ ಇರುವವರು ಬೇಜಾರು ಮಾಡಿಕೊಳ್ಳಬೇಡಿ, ಈ ಕೆಲಸದಲ್ಲಿ ಮುಕ್ಕಾಲು ಪಾಲು ಮೂಗಿನದೇ.

ಮೊದಲು ನಿಮ್ಮ ಮುಂದೆ ಇರುವ ಎರಡು ಲೋಟ ನೋಡಿ. ಎರಡರಲ್ಲೂ ಬರೀ ನೀರು. ಸಾಕೆ ಅಂತ ಕರೆದು ನೀರು ಕುಡಿಸುತ್ತಿದ್ದಾನೆ ಅಂತ ಬೈಯಬೇಡಿ. ಒಂದು ಇಲ್ಲಿನ ನಲ್ಲಿ ನೀರು, ಇನ್ನೊಂದು ಫ್ರಾನ್ಸಿನಿಂದ ಬರುವ ಬಾಟಲಿ ನೀರು. ಒಂದೊಂದು ಗುಟುಕು ಕುಡಿದು ಹೇಳಿ: ಯಾವುದರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ?

ನೋಡಿ, ಒಬ್ಬರೂ ತಪ್ಪು ಹೇಳಲಿಲ್ಲ, ನಲ್ಲಿ ನೀರೇ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಿಸಿ ಸೋತ ಮನೆಯಿಂದ ಬಂದವರಿಗೆ ಗಡುಸು ನೀರು, ಸಿಹಿ ನೀರು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತಿನ ಮಾತಿಗೆ ಅಷ್ಟು ಗೊತ್ತಿದ್ದರೆ ಅರ್ಧ ದಾರಿ ಬಂದ ಹಾಗೆ. ಯಾಕೆಂದರೆ ಬಾಟಲಿಯಲ್ಲಿರುವ ಸಾಕೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ.

ತಯಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದ್ರಾಕ್ಷಿಯಲ್ಲಿ ಸಕ್ಕರೆ ಇದೆ, ಹಾಗಾಗಿ ಯೀಸ್ಟ್ ಬಿದ್ದರೆ ತಾನಾಗಿಯೇ ಹೆಂಡ ಆಗುತ್ತದೆ. ಅಕ್ಕಿಯಲ್ಲಿ ಸಕ್ಕರೆ ಇಲ್ಲ, ಪಿಷ್ಟ ಇದೆ. ಅದನ್ನು ಸಕ್ಕರೆ ಮಾಡಲು ಬೇಯಿಸಿದ ಅಕ್ಕಿಯ ಮೇಲೆ ಬೇಕಂತಲೇ ಒಂದು ಬೂಷ್ಟು ಬೆಳೆಸುತ್ತಾರೆ, ಅದೇ ಕೋಜಿ. ಕೋಜಿ ಒಂದು ಕಡೆ ಪಿಷ್ಟ ಒಡೆದು ಸಕ್ಕರೆ ಮಾಡುತ್ತಿದ್ದರೆ, ಅದೇ ಹಂಡೆಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತಿರುತ್ತದೆ. ಎರಡೂ ಒಟ್ಟಿಗೆ, ಒಂದೇ ಪಾತ್ರೆಯಲ್ಲಿ. ಹಾಗಾಗಿ ಭಟ್ಟಿ ಇಳಿಸದೆಯೇ ಹತ್ತಿರ ಹತ್ತಿರ 20 ಪರ್ಸೆಂಟ್‌ವರೆಗೆ ಏರುತ್ತದೆ. ಆಮೇಲೆ ನೀರು ಸೇರಿಸಿ 15, 16ಕ್ಕೆ ಇಳಿಸುತ್ತಾರೆ. ಅಂದರೆ ನೀರು ಎರಡು ಸಲ ಬಂತು, ಹುದುಗಿಸುವಾಗ ಒಮ್ಮೆ, ಕೊನೆಗೆ ಒಮ್ಮೆ, ನೆನಪಿರಲಿ.

ಅಂದಹಾಗೆ ಜಪಾನಿನಲ್ಲಿ ಸುಮ್ನೆ 'ಸಾಕೆ' ಅಂದರೆ ಯಾವ ಮದ್ಯ ಬೇಕಾದರೂ ಆಗಬಹುದು. ಬಾರಿನಲ್ಲಿ ಕೇಳುವಾಗ 'ನಿಹೊನ್‌ಶು' ಅನ್ನಿ. ನಾನು ಇವತ್ತು ಸಾಕೆ ಅಂತಲೇ ಅನ್ನುತ್ತೇನೆ, ಬಾಯಿಗೆ ಅದೇ ಬರುತ್ತದೆ.

ಈಗ ನನ್ನ ಪೆದ್ದುತನದ ಕಥೆ. ನೀಗಾತಾ ಕಡೆ ಹೋಗುವ ಶಿಂಕನ್‌ಸೆನ್ ಬುಲೆಟ್ ರೈಲಿನಲ್ಲಿ ಎಚಿಗೊ ಯುಝಾವಾ ಅಂತ ಒಂದು ಸ್ಟೇಷನ್ ಬರುತ್ತದೆ. ಅದರೊಳಗೆ ಪೊನ್‌ಶುಕನ್ ಅಂತ ಒಂದು ಜಾಗ ಇದೆ. ಬಾಗಿಲಲ್ಲೇ ಕುಡಿದು ನೆಲಕ್ಕೆ ಬಿದ್ದಿರುವ ಸೂಟಿನ ಮನುಷ್ಯನ ಗೊಂಬೆ. ಒಳಗೆ ಗೋಡೆ ತುಂಬಾ ಸಾಲು ಸಾಲು ಪುಟ್ಟ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಸಾಕೆ. ನಾನು ಹೋದಾಗ 500 ಯೆನ್‌ಗೆ ಐದು ಟೋಕನ್ ಕೊಡುತ್ತಿದ್ದರು. ಕಪ್ ಇಟ್ಟು, ಟೋಕನ್ ಹಾಕಿ, ಗುಂಡಿ ಒತ್ತಿದರೆ ಒಂದು ಗುಟುಕಿನಷ್ಟು ಬೀಳುತ್ತದೆ. ನೀಗಾತಾ ಪ್ರಾಂತದಲ್ಲಿ ಸುಮಾರು 90 ಕುರಾ ಇವೆ, ಸಾಕೆ ಮಾಡುವ ಮನೆಗೆ ಕುರಾ ಅನ್ನುತ್ತಾರೆ. ಬೇರೆ ಯಾವ ಪ್ರಾಂತದಲ್ಲೂ ಇಷ್ಟು ಇಲ್ಲ. ನಾನು ಚೆಂದದ ಲೇಬಲ್ ನೋಡಿ ಐದು ಗುಂಡಿ ಒತ್ತಿದೆ. ಐದೂ ಕುಡಿದೆ. ಐದೂ ಒಂದೇ ಥರ ಇತ್ತು! ಪಕ್ಕದಲ್ಲಿ ನಂಚಿಕೊಳ್ಳಲು ಇಟ್ಟಿದ್ದ ಬಗೆಬಗೆಯ ಉಪ್ಪು ಮಾತ್ರ ಚೆನ್ನಾಗಿ ನೆನಪಿದೆ.

ತಪ್ಪು ಸಾಕೆಯದಲ್ಲ. ಒಂದು ದುಬಾರಿ, ಒಂದು ಅಗ್ಗ, ಒಂದು ಹಸಿ, ಒಂದು ಕಾಯಿಸಿದ್ದು, ಒಂದು ಸಿಹಿ ಅಂತ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ನಾಲಿಗೆ ಯಾವುದನ್ನು ಗಮನಿಸಬೇಕು ಪಾಪ.

ಹೋಲಿಸುವುದು ಹೇಗೆ ಅಂತ ಹಳಬನೊಬ್ಬ ತೋರಿಸಿಕೊಟ್ಟಿದ್ದಾನೆ. ಕೋಬೆ ಮತ್ತು ನಿಶಿನೊಮಿಯಾ ಊರುಗಳ ಸಮುದ್ರದ ಅಂಚಿನಲ್ಲಿ ನದಾ ಅನ್ನುವ ಸೀಮೆ ಇದೆ, ಜಪಾನಿನ ಅತಿ ದೊಡ್ಡ ಸಾಕೆ ಸೀಮೆ. ಅಲ್ಲಿ ಯಾಮಮುರಾ ತಝಾಎಮೊನ್ ಅನ್ನುವವನಿಗೆ ಎರಡು ಕುರಾ ಇದ್ದವು, ಒಂದು ಉವೊಝಾಕಿಯಲ್ಲಿ, ಒಂದು ನಿಶಿನೊಮಿಯಾದಲ್ಲಿ. ಎರಡರ ನಡುವೆ ಏನು ಮಹಾ ದೂರ ಇಲ್ಲ. ಆದರೂ ಪ್ರತಿ ವರ್ಷ ನಿಶಿನೊಮಿಯಾದ ಸಾಕೆಯೇ ಚೆನ್ನಾಗಿರುತ್ತಿತ್ತು. ಅಕ್ಕಿ ಒಂದೇ ಮಾಡಿ ನೋಡಿದ, ವ್ಯತ್ಯಾಸ ಹೋಗಲಿಲ್ಲ. ಸಾಕೆ ಮಾಡುವ ಮೇಸ್ತ್ರಿಯನ್ನು, ಅಂದರೆ ತೋಜಿಯನ್ನು, ಅಲ್ಲಿಂದ ಇಲ್ಲಿಗೆ ಹಾಕಿದ, ಆಗಲೂ ಹೋಗಲಿಲ್ಲ. ಕೊನೆಗೆ ನಿಶಿನೊಮಿಯಾದ ಬಾವಿ ನೀರನ್ನು ಉವೊಝಾಕಿಗೆ ಹೊರಿಸಿಕೊಂಡು ಬಂದು ಅದರಲ್ಲಿ ಸಾಕೆ ಮಾಡಿದ. ಎರಡೂ ಸಮ ಆದವು. ಇದು 1840ರ ಮಾತು. ಆ ನೀರಿಗೆ ಮಿಯಾಮಿಝು ಅಂತ ಹೆಸರು ಬಂತು. ಸುದ್ದಿ ಹಬ್ಬಿದ ಮೇಲೆ ಆ ನೀರಿಗೆ ಎಲ್ಲರೂ ಮುಗಿಬಿದ್ದರು, ನೀರು ಮಾರುವುದೇ ಅಲ್ಲಿ ಒಂದು ಕಸುಬಾಯಿತು.

ಆ ನೀರಿನಲ್ಲಿ ಏನಿದೆ? ಪೊಟಾಸಿಯಂ, ರಂಜಕ ಜಾಸ್ತಿ. ಇವು ಯೀಸ್ಟಿಗೆ ಊಟ ಇದ್ದ ಹಾಗೆ. ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಬ್ಬಿಣ ಸಾಕೆಗೆ ವಿಷ, ಬಣ್ಣವನ್ನೂ ಕೆಡಿಸುತ್ತದೆ, ರುಚಿಯನ್ನೂ ಕೆಡಿಸುತ್ತದೆ. ಜಪಾನಿನ ಲೆಕ್ಕದಲ್ಲಿ ಇದು ಗಡುಸು ನೀರು. ನಮ್ಮ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ಮುಂದೆ ಇದೂ ಮೃದುವೇ, ಅದು ಬೇರೆ ಮಾತು. ಇಂಥ ನೀರಿನಲ್ಲಿ ಹುದುಗು ಜೋರಾಗಿ ಏಳುತ್ತದೆ, ಸಕ್ಕರೆಯನ್ನು ಬೇಗ ತಿಂದು ಮುಗಿಸುತ್ತದೆ. ಹಾಗಾಗಿ ಸಾಕೆ ಸಿಹಿ ಕಮ್ಮಿಯಾಗಿ ಖಡಕ್ಕಾಗಿ ಬರುತ್ತದೆ.

ಈಗ ಮೊದಲ ಕಪ್ ತಗೊಳ್ಳಿ. ಬಿಳಿ ಪಿಂಗಾಣಿ ಕಪ್, ತಳದಲ್ಲಿ ನೀಲಿಯ ಎರಡು ಸುತ್ತು. ಅಲಂಕಾರಕ್ಕೆ ಅಂತ ಬಹಳ ದಿನ ನಾನೂ ಅಂದುಕೊಂಡಿದ್ದೆ. ಅಲ್ಲ. ಬಿಳಿ ಜಾಗದಲ್ಲಿ ಸಾಕೆಯ ಬಣ್ಣ ಕಾಣುತ್ತದೆ, ನೀಲಿ ಮತ್ತು ಬಿಳಿ ಸೇರುವ ಅಂಚು ಚೂಪಾಗಿ ಕಂಡರೆ ಸಾಕೆ ತಿಳಿಯಾಗಿದೆ ಅಂತ, ಮಸುಕಾಗಿ ಕಂಡರೆ ಮಂದ ಇದೆ ಅಂತ. ಮೊದಲು ನೋಡಿ. ಆಮೇಲೆ ಮೂಗಿನ ಹತ್ತಿರ ತನ್ನಿ. ಆಮೇಲೆ ಒಂದು ಚಮಚದಷ್ಟು ಬಾಯಿಗೆ ಹಾಕಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ. ಬಿಸಿ ಕಾಫಿ ಸೊರ್ ಅಂತ ಹೀರುತ್ತೀರಲ್ಲ, ಅದೇ ಥರ. ಇಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇದು ನದಾದ್ದು. ಎರಡನೆಯದು ಕ್ಯೋಟೋದ ಫುಶಿಮಿಯದು. ಎರಡಕ್ಕೂ ಹೆಚ್ಚುಕಮ್ಮಿ ಒಂದೇ ದರ್ಜೆ, ಒಂದೇ ಬೆಲೆ. ಫುಶಿಮಿ ನೀರು ನದಾದಕ್ಕಿಂತ ಮೃದು, ಹುದುಗು ನಿಧಾನ, ಸಾಕೆ ನುಣುಪು. ಹಳೆಯ ಕಾಲದಿಂದ 'ನದಾ ಗಂಡು ಸಾಕೆ, ಫುಶಿಮಿ ಹೆಣ್ಣು ಸಾಕೆ' ಅಂತ ಒಂದು ಮಾತಿದೆ. ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ನಮ್ಮಜ್ಜಿಯನ್ನು ನೋಡಿದ ಯಾರೂ ಹೆಣ್ಣು ಅಂದರೆ ನುಣುಪು ಅನ್ನಲಾರರು. ಆದರೆ ಎರಡು ಗುಟುಕು ಕುಡಿದ ಮೇಲೆ ಏನು ಹೇಳಲು ಹೊರಟಿದ್ದರು ಅನ್ನುವುದು ನಾಲಿಗೆಗೆ ಗೊತ್ತಾಗುತ್ತದೆ, ಅಲ್ವಾ?

ಮೂರನೆಯ ಕಪ್ ಹಿರೋಶಿಮಾದ್ದು, ಇದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿನ ಮಿತ್ಸು ಅನ್ನುವ ಕರಾವಳಿ ಊರಿನಲ್ಲಿ ಮಿಯುರಾ ಸೆನ್‌ಝಾಬುರೋ ಅಂತ ಒಬ್ಬ ಇದ್ದ. 1876ರಲ್ಲಿ ಸಾಕೆ ಮಾಡಲು ಶುರು ಮಾಡಿದ. ವರ್ಷ ವರ್ಷ ಕೆಟ್ಟು ಹೋಗುತ್ತಿತ್ತು. ನದಾಕ್ಕೆ ಹೋಗಿ ಅಲ್ಲಿನವರ ವಿಧಾನ ಕಲಿತು ಬಂದ, ಹಾಗೇ ಮಾಡಿದ, ಆಗಲೂ ಕೆಟ್ಟಿತು. ಆಮೇಲೆ ಹೊಳೆಯಿತು: ಅವರ ನೀರು ಗಡುಸು, ನಮ್ಮದು ತೀರಾ ಮೃದು. ಯೀಸ್ಟಿಗೆ ತಿನ್ನಲು ಏನೂ ಇಲ್ಲದ ನೀರಿನಲ್ಲಿ ನದಾದವರ ಥರ ಓಡಿಸಲು ಹೋದರೆ ಅದು ಅರ್ಧದಲ್ಲೇ ಕುಸಿಯುತ್ತದೆ. ಹಾಗಾಗಿ ಎಲ್ಲ ಉಲ್ಟಾ ಮಾಡಿದ. ಕೋಜಿಯನ್ನು ಅಕ್ಕಿಯ ಒಳಗಿನ ತನಕ ಇಳಿಯುವಂತೆ ಬೆಳೆಸಿದ. ಹಂಡೆಯನ್ನು ತಣ್ಣಗಿಟ್ಟು, ನಿಧಾನವಾಗಿ, ಬಹಳ ದಿನ ಹುದುಗಿಸಿದ. 1898ರಲ್ಲಿ ಆ ವಿಧಾನವನ್ನು ಪುಸ್ತಕ ಮಾಡಿ ಎಲ್ಲರಿಗೂ ಹಂಚಿದ, ಬಚ್ಚಿಡಲಿಲ್ಲ. 1907ರಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದಾಗ ನದಾವನ್ನು ಹಿಂದೆ ಹಾಕಿ ಹಿರೋಶಿಮಾ ಮೇಲೆ ಬಂತು. ಇವತ್ತು ಹಣ್ಣಿನ ಪರಿಮಳ ಇರುವ ಗಿಂಜೋ ಸಾಕೆಯನ್ನು ಜಗತ್ತೇ ಹೊಗಳುತ್ತದಲ್ಲ, ಆ ತಣ್ಣಗಿನ ನಿಧಾನದ ಹುದುಗಿಗೆ ದಾರಿ ಮಾಡಿದ್ದು ಇದೇ ಕೆಟ್ಟ ನೀರು. ಇನ್ನೊಂದು ದಾರಿ ಮಾಡಿದ್ದು ಯಂತ್ರ. ಅದೇ ಹಿರೋಶಿಮಾದ ಸೈಜೋದಲ್ಲಿ 1896ರಲ್ಲಿ ಸಾತಾಕೆ ಅನ್ನುವವರು ಅಕ್ಕಿ ಪಾಲಿಶ್ ಮಾಡುವ ಯಂತ್ರ ಕಟ್ಟಿದರು. ನಮ್ಮ ಕಡೆ ರೈಸ್ ಮಿಲ್‌ಗಳಲ್ಲಿ ಕೆಲಸ ಮಾಡಿದವರಿಗೆ ಈ ಹೆಸರು ಗೊತ್ತಿರುತ್ತದೆ, ಅದೇ ಕಂಪನಿ.

ಪಾಲಿಶ್ ಅಂದೆನಲ್ಲ, ಅಲ್ಲೇ ನನ್ನ ತಕರಾರು ಇರುವುದು.

ಅಕ್ಕಿ ಕಾಳಿನ ಹೊರಗಡೆ ಪ್ರೋಟೀನು, ಜಿಡ್ಡು ಇರುತ್ತದೆ. ಒಳಗೆ ಹೋದ ಹಾಗೆ ಶುದ್ಧ ಪಿಷ್ಟ. ಅನ್ನ ಮಾಡುವ ಬಿಳಿ ಅಕ್ಕಿಯಲ್ಲಿ ಸುಮಾರು 10 ಭಾಗ ತೌಡಾಗಿ ಹೋಗಿರುತ್ತದೆ. ಗಿಂಜೋ ಅಂತ ಬರೆಯಬೇಕಾದರೆ ಕನಿಷ್ಠ 40 ಭಾಗ ಹೋಗಬೇಕು, ದೈಗಿಂಜೋ ಅನ್ನಬೇಕಾದರೆ ಅರ್ಧಕ್ಕರ್ಧ. ಕಾಳು ಚಿಕ್ಕದಾದಷ್ಟೂ ಬೆಲೆ ದೊಡ್ಡದು. ಮೊದಮೊದಲು ನಾನು ಯಾವ ಊರಿಗೆ ಹೋದರೂ ಅಲ್ಲಿನ ಅತ್ಯುತ್ತಮ ದೈಗಿಂಜೋ ಕೇಳುತ್ತಿದ್ದೆ, ಊರಿನ ರುಚಿ ಅದರಲ್ಲೇ ಇರುತ್ತದೆ ಅಂತ.

ಇರುವುದಿಲ್ಲ ಸ್ವಾಮಿ. ಹೇಳುತ್ತೇನೆ ಕೇಳಿ. ಸಾಕೆಯ ಜಗತ್ತಿನಲ್ಲಿ 'ವೈಕೆ35' ಅಂತ ಒಂದು ಮಾತಿತ್ತು. ವೈ ಅಂದರೆ ಯಾಮದಾ ನಿಶಿಕಿ, 1936ರಲ್ಲಿ ಹ್ಯೋಗೋ ಪ್ರಾಂತದಲ್ಲಿ ಹೆಸರಿಟ್ಟ ಅಕ್ಕಿ ತಳಿ, ಸಾಕೆ ಅಕ್ಕಿಗಳ ರಾಜ. ಕೆ ಅಂದರೆ ಕುಮಾಮೊತೊ ಪ್ರಾಂತದ ಯೀಸ್ಟ್. 35 ಅಂದರೆ ಅಕ್ಕಿಯನ್ನು ಉಜ್ಜಿ ಉಜ್ಜಿ 35 ಭಾಗ ಉಳಿಸುವುದು. ಈ ಮೂರು ಇದ್ದರೆ ಚಿನ್ನದ ಪದಕ ಸಿಕ್ಕ ಹಾಗೆ ಅಂತ. ಉತ್ತರದ ತುದಿಯ ಕುರಾ ಕೂಡ ಹ್ಯೋಗೋದಿಂದ ಅಕ್ಕಿ ತರಿಸಿ, ಕುಮಾಮೊತೊದ ಯೀಸ್ಟ್ ಹಾಕಿ ಸ್ಪರ್ಧೆಗೆ ಕಳಿಸಿದರೆ ಅದರಲ್ಲಿ ಉತ್ತರದ ಊರು ಎಲ್ಲಿಂದ ಬರಬೇಕು? ಈಗಿನ ರಾಷ್ಟ್ರೀಯ ಸ್ಪರ್ಧೆ 1907ರದ್ದಲ್ಲ, ಬೇರೆಯದು, 1911ರಿಂದ ನಡೆಯುತ್ತಿದೆ. ಫುಕುಶಿಮಾ ಪ್ರಾಂತ 2022ರ ತನಕ ಸತತ 9 ಸಲ ಎಲ್ಲರಿಗಿಂತ ಜಾಸ್ತಿ ಚಿನ್ನ ಗೆದ್ದಿತು. ಅದು ದೊಡ್ಡ ಸಾಧನೆ, ತಮ್ಮ ಹುಡುಗರಿಗೆ ಸಾಕೆ ಮಾಡುವುದು ಕಲಿಸಲು 1992ರಿಂದ ಅವರು ಶಾಲೆಯನ್ನೇ ನಡೆಸಿದ್ದಾರೆ. ಆದರೆ ಪದಕ ಹೇಳುವುದು ಕೈಚಳಕದ ಕಥೆ. ಊರಿನ ರುಚಿ ಬೇಕಾದರೆ ಆ ಊರಿನವರು ಮಂಗಳವಾರ ರಾತ್ರಿ ಊಟಕ್ಕೆ ಏನು ಸುರಿದುಕೊಳ್ಳುತ್ತಾರೋ ಅದನ್ನು ಕೇಳಿ. ಅಗ್ಗದ್ದೇ ಇರುತ್ತದೆ. ಜುನ್‌ಮೈ ಇರಬಹುದು, ಅಂದರೆ ಹೊರಗಿನ ಆಲ್ಕೋಹಾಲ್ ಸೇರಿಸದ್ದು. ಇಲ್ಲ ಅಂದರೆ ಹೊಂಜೋಝೋ, ಸ್ವಲ್ಪ ಸೇರಿಸಿದ್ದು. ಸೇರಿಸಿದ್ದು ಅಂದ ತಕ್ಷಣ ಮೂಗು ಮುರಿಯಬೇಡಿ, ಬಿಸಿ ಮಾಡಿ ಕುಡಿದರೆ ಬಹಳ ಹಗುರ.

ಎರಡನೇ ಸಲ ಎಚಿಗೊ ಯುಝಾವಾಕ್ಕೆ ಹೋದಾಗ ಹಾಗೇ ಮಾಡಿದೆ. ಕೌಂಟರಿನ ಹೆಂಗಸಿಗೆ, ನಿಮ್ಮ ಮನೆಯಲ್ಲಿ ಏನು ಕುಡಿಯುತ್ತೀರಿ ಅಂತ ಕೇಳಿದೆ. ಅವರು ನಗುತ್ತಾ ಎರಡು ನಂಬರ್ ತೋರಿಸಿದರು. ಎರಡೂ ಹೊಂಜೋಝೋ, ಎರಡೂ ಬೇರೆ ಕಣಿವೆಯವು. ಐದು ಟೋಕನ್ನನ್ನೂ ಅವೆರಡರ ನಡುವೆಯೇ ಖರ್ಚು ಮಾಡಿದೆ: ಒಂದು, ಇನ್ನೊಂದು, ಮತ್ತೆ ಮೊದಲಿನದು. ಮೂರನೇ ಸುತ್ತಿಗೆ ವ್ಯತ್ಯಾಸ ಕೈಗೆ ಸಿಕ್ಕಿತು. ಒಂದು ಗಂಟಲಿಗೆ ಇಳಿದ ಕೂಡಲೇ ಮಾಯ. ಇನ್ನೊಂದು ನಾಲಿಗೆಯ ಹಿಂದೆ ಗಂಜಿಯ ಹಾಗೆ ಕೊಂಚ ಹೊತ್ತು ಕೂತಿರುತ್ತಿತ್ತು. ನೀಗಾತಾದ ಸಾಕೆ 'ನೀರಿನ ಹಾಗಿದೆ' ಅಂತ ದೂರುವವರಿದ್ದಾರೆ. ಅಲ್ಲಿ ಅದೇ ಹೊಗಳಿಕೆ. ಯುಝಾವಾದ ಒಂದು ಕುರಾದ ಸಾಕೆಗೆ ಹೆಸರೇ 'ಜೋಝೆನ್ ಮಿಝು ನೊ ಗೊತೊಶಿ', ಪರಮ ಒಳಿತು ನೀರಿನಂತೆ ಅನ್ನುವ, ಚೀನಾದ ಹಳೆಯ ತತ್ವಜ್ಞಾನಿ ಲಾವೊತ್ಸೆಯ ಮಾತು. ಹಿಮ ಕರಗಿದ ಮೃದು ನೀರು, ಗೊಹ್ಯಕುಮಾಂಗೊಕು ಅನ್ನುವ ಅಲ್ಲಿನದೇ ಅಕ್ಕಿ, ತಿಂಗಳುಗಟ್ಟಲೆ ಚಳಿ. ಹಗುರವಾಗಿ ಬರದೆ ಇನ್ನೇನು. ನಾಲ್ಕನೆಯ ಕಪ್ ಅದು. ಯಾರೋ ಕೋಡುಬಳೆ ತಂದಿದ್ದೀರಲ್ಲ, ಅದನ್ನು ಒಂದು ಚೂರು ಕಡಿದು ಕುಡಿಯಿರಿ. ಖಾರ, ಎಣ್ಣೆ ಎರಡನ್ನೂ ತೊಳೆದುಕೊಂಡು ಹೋಗುತ್ತದೆ.

ಐದನೆಯದಕ್ಕೆ ಮೊದಲು ಕಣ್ಣು ಮುಚ್ಚಿ ವಾಸನೆ ನೋಡಿ. ಏನು ನೆನಪಾಯಿತು? ಹೌದು ಮೇಡಂ, ಕರೆಕ್ಟ್. ಉಕ್ಕಿದ ದೋಸೆ ಹಿಟ್ಟು! ಜಪಾನಿನವರು ಇದನ್ನು ಮೊಸರು, ಚೀಸ್ ಅಂತೆಲ್ಲ ಹೇಳುತ್ತಾರೆ, ನನಗೆ ಮಾತ್ರ ಬೆಳಿಗ್ಗೆ ಮುಚ್ಚಳ ತೆಗೆದ ಹಿಟ್ಟಿನ ಪಾತ್ರೆಯೇ. ಕಾರಣವೂ ಅದೇ. ಇದು ಯಾಮಹೈ ಪದ್ಧತಿಯದು. ಸಾಧಾರಣ ಸಾಕೆಗೆ ಹುದುಗಿನ ಮೊದಲ ಹಂತದಲ್ಲಿ ಲ್ಯಾಕ್ಟಿಕ್ ಆಸಿಡ್ಡನ್ನು ಹೊರಗಿಂದ ಹಾಕಿಬಿಡುತ್ತಾರೆ, ಬೇಡದ ಕ್ರಿಮಿ ಸಾಯಲಿ ಅಂತ. ಯಾಮಹೈನಲ್ಲಿ ಹಾಕುವುದಿಲ್ಲ. ಅದೇ ಕುರಾದ ಗಾಳಿಯಲ್ಲಿ, ಗೋಡೆಯಲ್ಲಿ ಇರುವ ಬ್ಯಾಕ್ಟೀರಿಯಾ ತಾನಾಗಿ ಬಂದು ಹುಳಿ ಮಾಡಲಿ ಅಂತ ಕಾಯುತ್ತಾರೆ. ನಿಮ್ಮ ಮನೆ ಹಿಟ್ಟು, ಪಕ್ಕದ ಮನೆ ಹಿಟ್ಟು ಒಂದೇ ಥರ ಹುಳಿ ಬರುವುದಿಲ್ಲವಲ್ಲ, ಹಾಗೆ. ಇಶಿಕಾವಾ ಪ್ರಾಂತ ಇದಕ್ಕೆ ಹೆಸರುವಾಸಿ, ಅಲ್ಲಿನ ನೊತೊ ಸೀಮೆಯ ತೋಜಿಗಳ ಕೈಗುಣ.

ನೊತೊ ಅಂದಾಗ ಒಂದು ಮಾತು. 2024ರ ಜನವರಿ 1ರ ಭೂಕಂಪದಲ್ಲಿ ಆ ಭೂಶಿರದ ಕುರಾಗಳು ಕುಸಿದವು. ಚಳಿಗಾಲ, ಸಾಕೆ ಮಾಡುವ ಕಾಲ. ಬೇರೆ ಊರಿನ ಕುರಾಗಳು ಜಾಗ ಬಿಟ್ಟುಕೊಟ್ಟವು, ನೊತೊದವರು ಅಲ್ಲಿಗೆ ಹೋಗಿ ತಮ್ಮ ಹೆಸರಿನ ಸಾಕೆ ಮಾಡಿದರು. ನೀರು ಬೇರೆ, ಗೋಡೆ ಬೇರೆ, ಕೈ ಮಾತ್ರ ಅವರದು. ಅದು ಯಾವ ಊರಿನ ಸಾಕೆ? ಅಂಥ ಒಂದು ಬಾಟಲಿ ತಂದು ಕುಡಿದಾಗ ಗೆಳೆಯರಲ್ಲಿ ಅರ್ಧ ಗಂಟೆ ಜಗಳ ಆಯಿತು, ತೀರ್ಮಾನ ಆಗಲಿಲ್ಲ. ಬಾಟಲಿ ಖಾಲಿಯಾಯಿತು.

ದಕ್ಷಿಣಕ್ಕೆ ಬೇಗ ಹೋಗಿ ಬರೋಣ. ಶಿಕೊಕು ದ್ವೀಪದಲ್ಲಿ ಕೋಚಿ ಅಂತ ಇದೆ, ನಮ್ಮ ಕೊಚ್ಚಿ ಅಲ್ಲ. ಹುಲ್ಲಿನ ಬೆಂಕಿಯಲ್ಲಿ ಹೊರಗಷ್ಟೇ ಸುಟ್ಟ ಕತ್ಸುವೊ ಮೀನು, ಮೇಲೆ ಹಸಿ ಬೆಳ್ಳುಳ್ಳಿ, ಇದು ಅವರ ಊಟ. ಕುಡಿಯುವುದರಲ್ಲಿ ಗಟ್ಟಿಗರು. ಅಲ್ಲಿ ಬೆಕುಹೈ ಅಂತ ಕಪ್‌ಗಳಿವೆ, ಒಂದು ಉದ್ದ ಮೂಗಿನ ಮುಖ, ಒಂದಕ್ಕೆ ತೂತು. ಕೆಳಗೆ ಇಡಲು ಬರುವುದಿಲ್ಲ, ತೂತಿಗೆ ಬೆರಳು ಒತ್ತಿ ಹಿಡಿದು ಪೂರ್ತಿ ಕುಡಿದೇ ಮುಗಿಸಬೇಕು. ಬುಗುರಿ ತಿರುಗಿಸಿ ಯಾರ ಕಡೆ ನಿಲ್ಲುತ್ತದೋ ಅವರ ಸರದಿ. ಹೀಗೆ ಕುಡಿಯುವವರಿಗೆ ಸಿಹಿ ಸಾಕೆ ಕೊಟ್ಟರೆ ಮೂರನೇ ಕಪ್‌ಗೇ ಮುಖ ಕಟ್ಟುತ್ತದೆ. ಹಾಗಾಗಿ ಅಲ್ಲಿನದು ಸಿಹಿಯೇ ಇಲ್ಲದ್ದು. ಪಕ್ಕದ ಇನ್ನೊಂದು ದ್ವೀಪ ಕ್ಯೂಶುವಿನ ಸಾಗಾಕ್ಕೆ ಹೋದರೆ ಸಾಕೆ ಸಿಹಿ, ತುಂಬು ರುಚಿ. ಅಲ್ಲಿ ಸೋಯಾ ಸಾಸ್ ಕೂಡ ಸಿಹಿ, ಅದು ನೆನಪಿದ್ದರೆ ಸಾಕು.

ಮನೆಯಲ್ಲಿ ಮಾಡುವವರಿಗೆ: ಎರಡೇ ಬಾಟಲಿ ತನ್ನಿ, ಹತ್ತು ಬೇಡ. ದರ್ಜೆ ಒಂದೇ ಇರಲಿ, ಪಾಲಿಶ್ ಅಂಕಿ, ಅಂದರೆ ಉಜ್ಜಿದ ಮೇಲೆ ಅಕ್ಕಿ ಎಷ್ಟು ಭಾಗ ಉಳಿದಿದೆ ಅನ್ನುವುದು, ಹತ್ತಿರ ಇರಲಿ, ಊರು ಮಾತ್ರ ಬೇರೆ. ಲೇಬಲ್ ಹಿಂದೆ ಪ್ಲಸ್, ಮೈನಸ್ ಅಂತ ಒಂದು ಅಂಕಿ ಇರುತ್ತದೆ. ಪ್ಲಸ್ ಆದರೆ ಸಿಹಿ ಕಮ್ಮಿ, ಮೈನಸ್ ಆದರೆ ಸಿಹಿ. ಪೂರ್ತಿ ನಂಬಬೇಡಿ, ಹುಳಿ ಜಾಸ್ತಿ ಇದ್ದರೆ ಮೈನಸ್ ಇರುವುದೂ ಸಿಹಿ ಅನ್ನಿಸುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಎಲ್ಲವೂ ಒಳ್ಳೆಯದಾಗಿಯೇ ಕಾಣುತ್ತದೆ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು 40 ಡಿಗ್ರಿಗೆ ತನ್ನಿ. ಇದಕ್ಕೆ ನುರುಕನ್ ಅನ್ನುತ್ತಾರೆ, ಉಗುರು ಬೆಚ್ಚಗೆ ಅಂತ ನಾವು ಹೇಳುತ್ತೇವಲ್ಲ, ಅದಕ್ಕಿಂತ ಒಂದು ಚೂರು ಮೇಲೆ. ತಣ್ಣಗಿದ್ದಾಗ ಸೋತದ್ದು ಬಿಸಿಯಲ್ಲಿ ಗೆಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಡುನಡುವೆ ನೀರು ಕುಡಿಯಿರಿ, ಸಾಕೆಯಷ್ಟೇ ನೀರು.

ಕೊನೆಗೆ ಒಬ್ಬರು ಕೇಳಿದರು, ಊರಿಗೆ ಒಂದು ಬಾಟಲಿ ತಗೊಂಡು ಹೋಗಬಹುದಾ ಅಂತ. ಹೋಗಬಹುದು, ಆದರೆ ನಾನು ಮಾಡಿದ್ದು ಮಾಡಬೇಡಿ. ಒಂದು ಮೇ ತಿಂಗಳಲ್ಲಿ ಭಾವನಿಗೆ ಅಂತ ನಾಮಾ ಒಯ್ದೆ. ನಾಮಾ ಅಂದರೆ ಹಸಿ, ಕಾಯಿಸದ್ದು, ಸದಾ ಫ್ರಿಜ್ಜಿನಲ್ಲೇ ಇರಬೇಕು. ಸೂಟ್‌ಕೇಸಿನಲ್ಲಿ ಒಂದೂವರೆ ದಿನ, ಆಮೇಲೆ ಊರಿನ ಅಡುಗೆಮನೆ ಕಿಟಕಿಯಲ್ಲಿ ನಾಲ್ಕು ದಿನ. ಎಲ್ಲರೂ ಕೂತ ಮೇಲೆ ಸಡಗರದಿಂದ ಮುಚ್ಚಳ ತೆಗೆದೆ. ಮನೆಯೆಲ್ಲ ಹಳಸಿದ ಮೂಲಂಗಿ ಹುಳಿಯ ವಾಸನೆ. ಭಾವ ಪಾಪ ಒಂದು ಗುಟುಕು ಕುಡಿದು, 'ಇದಕ್ಕೇನಾ ಇಷ್ಟು ದುಡ್ಡು ಕೊಡೋದು?' ಅಂದರು.

ಹಾಗಾಗಿ ಕಾಯಿಸಿದ್ದನ್ನೇ ತಗೊಳ್ಳಿ, ಪೇಪರ್ ಸುತ್ತಿ, ಬಿಸಿಲು ತಾಗದ ಕಡೆ ಇಡಿ. ದೊಡ್ಡ ಬಾಟಲಿ, ಇಶ್ಶೋಬಿನ್, 1.8 ಲೀಟರ್. ನಮ್ಮ ಕಸ್ಟಮ್ಸಿನವರು ಒಬ್ಬರಿಗೆ ಬಿಡುವುದು 2 ಲೀಟರ್. ಉಳಿದ ಜಾಗಕ್ಕೆ ಒಂದು ಒನ್ ಕಪ್ ಓಝೆಕಿ ಹಾಕಿಕೊಳ್ಳಿ. 1964ರ ಟೋಕಿಯೋ ಒಲಿಂಪಿಕ್ಸ್ ಶುರುವಾದ ದಿನವೇ ಮಾರುಕಟ್ಟೆಗೆ ಬಂದ ಗಾಜಿನ ಲೋಟದ ಸಾಕೆ, ನದಾದ್ದೇ, ರೈಲಿನಲ್ಲಿ ಕೂತ ಅಂಕಲ್‌ಗಳು ಕುಡಿಯುತ್ತಾರಲ್ಲ ಅದು. 180 ಎಂಎಲ್. ಎರಡೂ ಸೇರಿ 1.98. ಕುಡಿದ ಮೇಲೆ ಲೋಟ ಸಾರು ಕುಡಿಯಲು ಆಗುತ್ತದೆ.